ಸಬ್‌ಸೆಂಟರ್ ಅನುದಾನ ತಾಂಡಾದ ಮಂದಿಗೆ ಮುಟ್ಬೇಕಂದ್ರ ಏನ್ ಮಾಡ್ಬೇಕು? ತಿಳಿದವ್ರು ಹೇಳ್ರಿ

ತಾಂಡಾ ಮೆಂಬರ್:

ಎಲ್ಲಾರಿಗೂ ನಮಸ್ಕಾರ್ರಿ. ನಾ ಕಲ್ಯಾಣ ಕರ್ನಾಟಕದ ಒಂದು ತಾಲೂಕಿನಾಕಿ, ಗ್ರಾಮ ಪಂಚಾಯಿತಿ ಮೆಂಬರ್ ಆಗೀನಿ, ಇದು ನನ್ನ ಮೊದಲ್ನೇ ಅವಧಿ. ನಮ್ಮದು ಲಂಬಾಣಿ ತಾಂಡಾ. ಮೂಲ ಊರು ಮೂರು ಕಿಲೋಮೀಟರ್ ದೂರ ಅದ, ನಡುವ ಹಳ್ಳ ಬರ್ತದ, ಮಳಿಗಾಲದಾಗ ದಾಟೋದು ಭಾಳ ಕಷ್ಟ. ಸಬ್‌ಸೆಂಟರ್, ಅಂದ್ರ ಸಿಸ್ಟರ್ ಕೂಡೋ ಸರ್ಕಾರಿ ಉಪ ಆರೋಗ್ಯ ಕೇಂದ್ರ, ಇರೋದು ಮೂಲ ಊರಾಗ, ಅದೂ ಬಾಡಿಗಿ ಮನ್ಯಾಗ, ಒಂದು ಖೋಲಿ ಒಂದು ಪಡಸಾಲಿ ಅಷ್ಟೇ. ಬಾಗಿಲ ಮ್ಯಾಲ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ದೊಡ್ಡ ಬೋರ್ಡ್ ಹಾಕ್ಯಾರ, ಒಳಗ ಬಸುರಿ ಹೆಣ್ಮಕ್ಕಳನ್ನ ಮಲಗಿಸಿ ನೋಡೋ ಟೇಬಲ್ಲಿಗೆ ಒಂದು ಪರದೆ ಸೈತ ಇಲ್ಲ. ಪಡಸಾಲ್ಯಾಗ ಗಂಡಸ್ರು ಬಿಪಿ ನೋಡ್ಸಲಿಕ್ಕ ಕೂತಿರ್ತಾರ, ಒಳಗ ಹೊಟ್ಟಿ ನೋಡ್ತಿರ್ತಾರ. ಹಿಂಗಾದ್ರ ನಮ್ಮ ಹೆಣ್ಮಕ್ಕಳು ಹೆಂಗ ಹೋಗ್ತಾರ ಹೇಳ್ರಿ? ಭಾಳ ಮಂದಿ ತಪಾಸಣಿನೇ ಬಿಟ್ಟು ಬ್ಯಾನಿ ಬಂದ ಮ್ಯಾಲೇ ಗಾಡಿ ಹುಡುಕ್ತಾರ.

ಪಂಚಾಯಿತಿ ಮೀಟಿಂಗ್‌ನಾಗ ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳ್ತಾರ. ಅದು ಆರೋಗ್ಯ ಇಲಾಖಿದು, ಪಂಚಾಯಿತಿಗೆ ಸಂಬಂಧ ಇಲ್ಲ ಅಂತ ಆಫೀಸ್‌ನವ್ರು ಅಂತಾರ. ಸಿಸ್ಟರ್ ಕೇಳಿದ್ರ ಅನುದಾನ ಬಂದಿಲ್ಲ ಅಂತಾರ. ಮತ್ತ ಒಬ್ರು ಹಣಕಾಸು ಆಯೋಗದಿಂದ ಆಸ್ಪತ್ರಿಗೆ ಅಂತ ಸಾವಿರಾರು ಕೋಟಿ ಬಂದದ, ನೀವು ಅರ್ಜಿ ಹಾಕಿಲ್ಲ ಅದಕ್ಕ ಬಂದಿಲ್ಲ ಅಂತಾರ. ಯಾರ್ದು ಖರೆ ಅಂತ ತಿಳೀವಲ್ದು.

ನಮ್ಮ ತಾಂಡಾ ಮತ್ತ ಆಜು ಬಾಜು ಎರಡು ತಾಂಡಾ ಸೇರಿಸಿದ್ರ ಮೂರು ಸಾವಿರದ ಮ್ಯಾಲ ಜನ ಆಗ್ತಾರ. ಬುಡಕಟ್ಟು ಪ್ರದೇಶಕ್ಕ 3000 ಜನಕ್ಕ ಒಂದು ಸಬ್‌ಸೆಂಟರ್ ಅಂತ ಎಲ್ಲೋ ಓದಿದ್ದೆ, ಹಂಗಾದ್ರ ನಮ್ಗ ಬ್ಯಾರೇ ಒಂದು ಕೊಡ್ಬೇಕಲ್ರಿ? ಅನುದಾನ ಯಾವ್ಯಾವ್ದು ಬರ್ತದ, ಯಾರ ಕೈಯಾಗ ಇರ್ತದ, ಒಬ್ಬ ಮೆಂಬರ್ ಆಗಿ ನಾ ಎಲ್ಲಿ ಕೇಳ್ಬೇಕು ಅಂತ ಗೊತ್ತಿದ್ದವ್ರು ಬಿಡಿಸಿ ಹೇಳ್ರಿ. ಗುಳೆ ಹೋಗೋ ಹಂಗಾಮು ಬಂದ್ರ ಅರ್ಧ ತಾಂಡಾ ಖಾಲಿ ಆಗ್ತದ, ಅದರೊಳಗ ಏನಾರ ಮಾಡ್ಬೇಕಂತ ಅದ.

ಲೆಕ್ಕದ ಗುಮಾಸ್ತ:

ಮೇಡಂ, ನಾನು ತಾಲೂಕು ಆರೋಗ್ಯ ಕಚೇರಿ ಒಂದರಲ್ಲಿ ಬಹಳ ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ, ಈಗ ರಿಟೈರ್ ಆಗಿದೀನಿ. ನಿಮಗೆ ಹೇಳಿದವರೆಲ್ಲ ಅರ್ಧರ್ಧ ಸರಿ ಹೇಳಿದಾರೆ. ಗೊಂದಲ ಯಾಕೆ ಅಂದ್ರೆ ಅನುದಾನ ಅನ್ನೋದು ಒಂದೇ ದುಡ್ಡಲ್ಲ, ನಾಲ್ಕೈದು ಬೇರೆ ಬೇರೆ ದಾರಿಯಿಂದ ಬರುತ್ತೆ, ಒಂದೊಂದಕ್ಕೂ ಬೇರೆ ಸಮಿತಿ ಬೇರೆ ಖಾತೆ. ಯಾವ ಕೆಲಸಕ್ಕೆ ಯಾವ ದುಡ್ಡು ಅಂತ ಗೊತ್ತಿಲ್ಲದೆ ಆಫೀಸಿಗೆ ಹೋದ್ರೆ ಯಾರು ಬೇಕಾದ್ರೂ ನಿಮ್ಮನ್ನ ಇನ್ನೊಂದು ಟೇಬಲ್ಲಿಗೆ ಕಳಿಸ್ತಾರೆ.

ಮೊದಲು ಪರದೆ ವಿಷಯ, ಯಾಕಂದ್ರೆ ಅದು ಈ ತಿಂಗಳಲ್ಲೇ ಆಗೋ ಕೆಲಸ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಲೇ ಪ್ರತಿ ಸಬ್‌ಸೆಂಟರ್‌ಗೆ ವರ್ಷಕ್ಕೆ 10,000 ರೂಪಾಯಿ ಅನ್‌ಟೈಡ್ ಫಂಡ್ ಅಂತ ಇಟ್ಟರು, ಮೇಲಿನವರ ಮಂಜೂರಾತಿಗೆ ಕಾಯದೆ ಸ್ಥಳದಲ್ಲೇ ಖರ್ಚು ಮಾಡೋಕೆ. ಆಮೇಲೆ ಅದಕ್ಕೆ ನಿರ್ವಹಣಾ ಅನುದಾನನೂ ಸೇರಿ 20,000 ಆಯ್ತು. ಸಬ್‌ಸೆಂಟರ್ ಮೇಲ್ದರ್ಜೆಗೇರಿ ಹೆಲ್ತ್ ಅಂಡ್ ವೆಲ್‌ನೆಸ್ ಸೆಂಟರ್ ಆದ್ರೆ, ಅಂದ್ರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರ, ವರ್ಷಕ್ಕೆ 50,000 ಅಂತ ಮಾರ್ಗಸೂಚಿ ಇದೆ. ನಿಮ್ಮಲ್ಲಿ ಬೋರ್ಡ್ ಬಿದ್ದಿದೆ ಅಂದ್ಮೇಲೆ ಆ 50,000ದ ಲೆಕ್ಕಕ್ಕೆ ನೀವು ಬರ್ತೀರಿ. ಈ ದುಡ್ಡಲ್ಲಿ ಏನೇನು ಮಾಡಬಹುದು ಅಂತ ಹಳೇ ಮಾರ್ಗಸೂಚಿಯಲ್ಲೇ ಪಟ್ಟಿ ಇದೆ, ಅದರಲ್ಲಿ ಮರೆಗೆ ಪರದೆ ಹಾಕಿಸೋದು ಅಂತ ನೇರವಾಗಿ ಬರೆದಿದಾರೆ. ನಲ್ಲಿ ರಿಪೇರಿ, ಬಲ್ಬು, ಸೆಂಟರ್ ಸ್ವಚ್ಛ ಮಾಡಿಸೋ ಕೂಲಿ, ಬ್ಯಾಂಡೇಜು, ಬ್ಲೀಚಿಂಗ್ ಪೌಡರ್, ನಿಂತ ನೀರಿಗೆ ಸೊಳ್ಳೆ ಔಷಧಿ, ತುರ್ತು ರೋಗಿಯನ್ನ ದೊಡ್ಡಾಸ್ಪತ್ರೆಗೆ ಸಾಗಿಸೋ ಗಾಡಿ ಬಾಡಿಗೆ, ಇವೆಲ್ಲ ಅದರಲ್ಲಿದೆ. ಸಂಬಳ ಕೊಡೋಕೆ, ವಾಹನ ಕೊಳ್ಳೋಕೆ, ಪಂಚಾಯಿತಿಯ ಸ್ವಂತ ಖರ್ಚು ತೂಗಿಸೋಕೆ ಮಾತ್ರ ಬಳಸೋ ಹಾಗಿಲ್ಲ. ಆದ್ದರಿಂದ ಪರದೆಗೆ ಅನುದಾನ ಇಲ್ಲ ಅನ್ನೋ ಮಾತನ್ನ ನೀವು ಒಪ್ಪಬೇಡಿ.

ಇನ್ನು ಆ ಸಾವಿರಾರು ಕೋಟಿ. ಅದು ಸುಳ್ಳಲ್ಲ, 15ನೇ ಹಣಕಾಸು ಆಯೋಗ 2021-22ರಿಂದ 2025-26ರ ತನಕ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ಅಂತಲೇ 70,051 ಕೋಟಿ ಶಿಫಾರಸು ಮಾಡಿತ್ತು, ಇದು ಇಡೀ ದೇಶಕ್ಕೆ, ಅದರಲ್ಲಿ ಗ್ರಾಮೀಣ ಭಾಗಕ್ಕೆ 43,928 ಕೋಟಿ. ಕಟ್ಟಡ ಇಲ್ಲದ ಸಬ್‌ಸೆಂಟರ್ ಮತ್ತು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಕಟ್ಟಡ, ಲ್ಯಾಬ್ ಸೌಕರ್ಯ, ಬ್ಲಾಕ್ ಮಟ್ಟದ ಆರೋಗ್ಯ ಘಟಕ ಅಂತೆಲ್ಲ ಅದರಲ್ಲಿ ಬಾಬತ್ತು ಇತ್ತು. ಅದೇ ಹೊತ್ತಲ್ಲಿ 2021ರ ಅಕ್ಟೋಬರ್‌ನಲ್ಲಿ ಪಿಎಂ ಅಭಿಮ್ (ಆಯುಷ್ಮಾನ್ ಭಾರತ್ ಆರೋಗ್ಯ ಮೂಲಸೌಕರ್ಯ ಅಭಿಯಾನ) ಅಂತ 64,180 ಕೋಟಿಯ ಇನ್ನೊಂದು ಯೋಜನೆ ಬಂತು. ಆದ್ರೆ ಇವು ಹಳ್ಳಿಯವರು ಅರ್ಜಿ ಹಾಕಿ ತರೋ ದುಡ್ಡಲ್ಲ. ಜಿಲ್ಲೆಯಿಂದ ಪಟ್ಟಿ ಹೋಗಬೇಕು, ಆ ಪಟ್ಟಿಯಲ್ಲಿ ನಿಮ್ಮ ಸೆಂಟರ್ ಬಾಡಿಗೆ ಕಟ್ಟಡದಲ್ಲಿದೆ ಅಂತ ಇರಬೇಕು, ಎಲ್ಲಕ್ಕಿಂತ ಮುಖ್ಯ ಅದರ ಮುಂದಿನ ಕಾಲಂನಲ್ಲಿ ನಿವೇಶನ ಲಭ್ಯ ಅಂತ ಇರಬೇಕು. ನಾನು ಕಂಡ ಹಾಗೆ ಎಷ್ಟೋ ಸೆಂಟರ್‌ಗಳು ಪಟ್ಟಿಯಿಂದ ಬಿದ್ದುಹೋಗೋದು ಈ ಒಂದೇ ಕಾಲಂನಿಂದ. ದುಡ್ಡು ಇರುತ್ತೆ, ಜಾಗ ಇರಲ್ಲ, ವರ್ಷದ ಕೊನೆಗೆ ಜಾಗ ಇರೋ ಊರಿಗೆ ಹೋಗುತ್ತೆ. ಮುಂದಿನ ಅವಧಿಯಲ್ಲಿ ಯಾವ ಹೆಸರಿನ ದುಡ್ಡೇ ಬರಲಿ, ಕೇಳೋ ಮೊದಲ ಪ್ರಶ್ನೆ ಇದೇ ಆಗಿರುತ್ತೆ.

ಪಂಚಾಯಿತಿಗೆ ಸಂಬಂಧ ಇಲ್ಲ ಅಂದಿದ್ದು ಶುದ್ಧ ತಪ್ಪು. ಸಂವಿಧಾನದ 11ನೇ ಅನುಸೂಚಿಯ 23ನೇ ಬಾಬು ಏನು ಅಂದ್ರೆ ಆರೋಗ್ಯ ಮತ್ತು ನೈರ್ಮಲ್ಯ, ಆಸ್ಪತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರ ಔಷಧಾಲಯ ಎಲ್ಲ ಸೇರಿ. 15ನೇ ಹಣಕಾಸಿನಲ್ಲಿ ಪಂಚಾಯಿತಿಗೆ ಬಂದ ಮಾಮೂಲಿ ಅನುದಾನದಲ್ಲಿ ಶೇ 60 ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕ ಹಾಗೆ ಬಳಸೋದು, ಸಂಬಳ ಮತ್ತು ಆಡಳಿತ ಖರ್ಚಿಗೆ ಮಾತ್ರ ಆಗಲ್ಲ. ಸೆಂಟರ್‌ಗೆ ನೀರಿನ ಕನೆಕ್ಷನ್, ಶೌಚಾಲಯ, ಮುಂದಿನ ಚರಂಡಿ ಇವನ್ನ ನೀರು ನೈರ್ಮಲ್ಯಕ್ಕೆ ಕಟ್ಟಿಹಾಕಿದ ಪಾಲಲ್ಲೇ ತರಬಹುದು. ಕ್ರಿಯಾ ಯೋಜನೆಯಲ್ಲಿ ಸೇರಿಸೋ ಹೊತ್ತಿಗೆ ನೀವು ಎದ್ದು ನಿಂತು ಹೇಳಬೇಕು ಅಷ್ಟೇ, ಆಮೇಲೆ ಹೇಳಿದ್ರೆ ಇನ್ನೊಂದು ವರ್ಷ.

3000 ಜನಕ್ಕೆ ಒಂದು ಅನ್ನೋದು ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ. ಬಯಲು ಸೀಮೆಗೆ 5000. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋದ್ರಿಂದ ನಿಮ್ಮ ಬಯಲು ನಾಡಿನ ತಾಂಡಾವನ್ನ ಬುಡಕಟ್ಟು ಪ್ರದೇಶ ಅಂತ ತೋರಿಸೋಕೆ ಆಗಲ್ಲ. ಹೊಸ ಸಬ್‌ಸೆಂಟರ್ ಕೇಳಿ ಅದೊಂದರ ಮೇಲೇ ಕೂತರೆ ವರ್ಷಗಟ್ಟಲೆ ಹೋಗುತ್ತೆ. ಇರೋ ಸೆಂಟರ್‌ಗೆ ಸ್ವಂತ ಕಟ್ಟಡ, ಅದನ್ನ ಹಳ್ಳದ ಈ ಕಡೆ ತಾಂಡಾಗಳಿಗೂ ಹತ್ತಿರ ಆಗೋ ಜಾಗದಲ್ಲಿ ಕಟ್ಟಿಸೋದು, ಇದು ಗೆಲ್ಲೋ ಬೇಡಿಕೆ ಅಂತ ನನ್ನ ಅಭಿಪ್ರಾಯ.

ಆಶಾ ಕಾರ್ಯಕರ್ತೆ, ಮಲೆನಾಡು:

ಅಕ್ಕಾ, ಸರ್ ಹೇಳಿದ್ದರ ಜೊತೆ ಒಂದು ಸೇರಿಸ್ತೀನಿ. ಊರಿಗೆ ಇನ್ನೊಂದು ದುಡ್ಡು ಇದೆ, ಗ್ರಾಮ ಆರೋಗ್ಯ ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿದು, ವರ್ಷಕ್ಕೆ 10,000. ಇದಕ್ಕೆ ಅಧ್ಯಕ್ಷರು ಆ ಊರಿನ ಪಂಚಾಯಿತಿ ಸದಸ್ಯರೇ ಆಗ್ಬೇಕು, ಅದರಲ್ಲೂ ಮಹಿಳೆ ಆದ್ರೆ ಒಳ್ಳೇದು ಅಂತ ನಿಯಮದಲ್ಲೇ ಇದೆ, ಸದಸ್ಯ ಕಾರ್ಯದರ್ಶಿ ಆಶಾ. ಅಂದ್ರೆ ನಿಮ್ಮ ತಾಂಡಾದ ಸಮಿತಿಗೆ ಅಧ್ಯಕ್ಷೆ ನೀವೇ ಆಗಿರಬಹುದು, ಹಳೇ ಮೆಂಬರ್ ಹೆಸರು ಇನ್ನೂ ಬ್ಯಾಂಕಲ್ಲಿ ಹಾಗೇ ಇರಬಹುದು! ಮೊದ್ಲು ಹೋಗಿ ಸಹಿ ಯಾರ ಹೆಸರಲ್ಲಿದೆ ನೋಡಿ. ನಮ್ಮ ಕಡೆ ಎಲೆಕ್ಷನ್ ಆದ್ಮೇಲೆ ಸಹಿ ಬದಲಾಯಿಸ್ದೆ ದುಡ್ಡು ಹಾಗೇ ಕೂತು ವಾಪಸ್ ಹೋಗಿದ್ದು ಇದೆ. ಬ್ಯಾಂಕ್‌ನವ್ರು ಕೇಳೋದು ಸಮಿತಿ ನಡಾವಳಿ ಕಾಪಿ, ಹೊಸ ಅಧ್ಯಕ್ಷರ ಆಧಾರ್ ಫೋಟೋ ಇಷ್ಟೇ.

ಹತ್ತು ಸಾವಿರ ಜಾಸ್ತಿ ಅಲ್ಲ ಅಂತ ಅನ್ಸುತ್ತೆ, ಆದ್ರೆ ನಮ್ಮೂರಲ್ಲಿ ಮಗು ತೂಕ ನೋಡೋ ತಕ್ಕಡಿ ಕೆಟ್ಟು ಅಂಗನವಾಡಿಲಿ ಅಂದಾಜಲ್ಲೇ ಬರ್ಕೊಳ್ತಿದ್ರು, ಸಮಿತಿ ದುಡ್ಡಲ್ಲಿ ಹೊಸ್ದು ತಂದ್ವಿ, ಆ ತಿಂಗಳೇ ತೂಕ ಕಮ್ಮಿ ಇರೋ ಮಕ್ಕಳು ಎಷ್ಟು ಅಂತ ಸರಿಯಾಗಿ ಗೊತ್ತಾಯ್ತು. ಒಂದ್ ರಾತ್ರಿ ಬಾಣಂತಿಗೆ ರಕ್ತ ಹೋಗ್ತಿತ್ತು, 108 ಬೇರೆ ಕೇಸಿಗೆ ಹೋಗಿತ್ತು, ಪಕ್ಕದ ಮನೆ ಜೀಪಲ್ಲಿ ಕರ್ಕೊಂಡು ಹೋದ್ವಿ, ಜೀಪಿನವ್ರಿಗೆ ಡೀಸೆಲ್ ದುಡ್ಡು ಈ ಫಂಡಿಂದಲೇ ಕೊಟ್ಟಿದ್ದು. ಆಡಿಟ್‌ನಲ್ಲಿ ಕೇಳಿದ್ರು ಮೀಟಿಂಗ್ ಮಾಡ್ದೆ ಹೆಂಗೆ ಖರ್ಚು ಮಾಡಿದ್ರಿ ಅಂತ. ರಾತ್ರಿ ಎರಡು ಗಂಟೆಗೆ ಹದಿನೈದು ಜನ ಸೇರಿಸಿ ಮೀಟಿಂಗ್ ಮಾಡೋಕಾಗುತ್ತಾ ಅಕ್ಕಾ? ಮುಂದಿನ ಸಭೆಯಲ್ಲಿ ಆ ಖರ್ಚು ಓದಿ ಹೇಳಿ ಎಲ್ರ ಸಹಿ ಹಾಕ್ಸಿ ಘಟನೋತ್ತರ ಅನುಮೋದನೆ ಅಂತ ಬರೆದಿದ್ವಿ, ಅದು ಇದ್ದಿದ್ರಿಂದ ಆಕ್ಷೇಪಣೆ ಬಿಟ್ರು. ಅದಕ್ಕೆ ಹೇಳೋದು ವರ್ಷದ ಮೊದಲ ಮೀಟಿಂಗ್‌ನಲ್ಲೇ ತುರ್ತು ಸಾಗಾಟಕ್ಕೆ ಇಷ್ಟು ಅಂತ ಒಂದು ಠರಾವು ಮಾಡಿಟ್ಕೊಳ್ಳಿ, ಆಮೇಲೆ ಯಾರೂ ಏನೂ ಅನ್ನಲ್ಲ.

ಸಭೆ ಪುಸ್ತಕ ಆಶಾ ಮನೇಲಿ ಇರುತ್ತೆ, ಕೇಳಿ ನೋಡಿ. ಆಶಾ ಮೇಲೆ ಸಿಟ್ಟಾಗ್ಬೇಡಿ, ಅವ್ಳಿಗೆ ಸರ್ವೆ ರಿಜಿಸ್ಟರ್ ಆ್ಯಪ್ ಅಂತ ಕೆಲಸ ಹೊರೆ ಇರುತ್ತೆ, ಅಧ್ಯಕ್ಷರು ಬಂದು ಕೂತು ಸಭೆ ಮಾಡ್ಸಿದ್ರೆ ಅವ್ಳಿಗೂ ಧೈರ್ಯ.

ಸಿಎಚ್‌ಒ:

ನಾನು ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಸಿಸ್ಟರ್ ಅನುದಾನ ಬಂದಿಲ್ಲ ಅಂದಿದ್ದು ಸುಳ್ಳು ಅಂತ ಅಂದ್ಕೋಬೇಡಿ ಮೇಡಂ, ಅದರ ಹಿಂದೆ ಒಂದು ವಿಷಯ ಇದೆ, ಹೊರಗಿನವರಿಗೆ ಗೊತ್ತಾಗಲ್ಲ. ಮೊದಲು ಸೆಂಟರ್ ಖಾತೆಗೆ ದುಡ್ಡು ಬಂದು ಬೀಳ್ತಿತ್ತು, ಪಾಸ್‌ಬುಕ್ ನೋಡಿದ್ರೆ ಗೊತ್ತಾಗ್ತಿತ್ತು. 2021ರ ಜುಲೈಯಿಂದ ಕೇಂದ್ರದ ಒಂದೊಂದು ಯೋಜನೆಗೂ ರಾಜ್ಯಕ್ಕೆ ಒಂದೇ ನೋಡಲ್ ಖಾತೆ ಅಂತ ಮಾಡಿದ್ರು, ನಮ್ಮ ಖಾತೆ ಜೀರೋ ಬ್ಯಾಲೆನ್ಸ್. ದುಡ್ಡು ಅಲ್ಲೇ ಇರುತ್ತೆ, ನಮಗೆ ಇಷ್ಟು ಖರ್ಚು ಮಾಡಬಹುದು ಅಂತ ಲಿಮಿಟ್ ಮಾತ್ರ ಕೊಡ್ತಾರೆ. ಪಾಸ್‌ಬುಕ್‌ನಲ್ಲಿ ಯಾವಾಗ ನೋಡಿದ್ರೂ ಸೊನ್ನೆ. ಹಾಗಾಗಿ ದುಡ್ಡು ಬಂದಿದೆಯಾ ಅಂತ ಕೇಳಬೇಡಿ, ಈ ವರ್ಷದ ಲಿಮಿಟ್ ಎಷ್ಟು ಹಾಕಿದಾರೆ, ಎಷ್ಟು ಬಳಕೆ ಆಗಿದೆ ಅಂತ ಕೇಳಿ, ತಾಲೂಕು ಆರೋಗ್ಯ ಕಚೇರಿಯಲ್ಲಿ ಅದು ಒಂದೇ ನಿಮಿಷದಲ್ಲಿ ಸಿಗುತ್ತೆ.

ಕಷ್ಟ ಏನು ಅಂದ್ರೆ ಲಿಮಿಟ್ ಕೆಲವು ವರ್ಷ ತಡವಾಗಿ ಬರುತ್ತೆ, ಮಾರ್ಚ್ 31ಕ್ಕೆ ಮುಗಿದುಹೋಗುತ್ತೆ. ಆ ಮಧ್ಯೆ ಸಮಿತಿ ಸಭೆ ಕರೀಬೇಕು, ಕೊಟೇಶನ್ ತರಿಸಬೇಕು, ಅಂಗಡಿಯವರ ಬ್ಯಾಂಕ್ ವಿವರ ತಗೊಂಡು ಆನ್‌ಲೈನ್‌ನಲ್ಲಿ ವೆಂಡರ್ ಅಂತ ಸೇರಿಸಬೇಕು, ಹಳ್ಳಿ ಅಂಗಡಿಯವರು ಕ್ಯಾಶ್ ಕೊಡಿ ಇಲ್ಲಾ ಬೇಡ ಅಂತಾರೆ, ಜಿಎಸ್‌ಟಿ ಬಿಲ್ ಅಂದ್ರೆ ಇನ್ನೂ ದೂರ. ಇಷ್ಟೆಲ್ಲ ಆಗೋ ಹೊತ್ತಿಗೆ ಮಾರ್ಚ್ ಬಂದಿರುತ್ತೆ, ಆಗ ಗಡಿಬಿಡಿಯಲ್ಲಿ ಬೇಕಾದ್ದು ಬೇಡದ್ದು ತಗೊಂಡು ಮುಗಿಸ್ತಾರೆ. ಇದನ್ನ ತಪ್ಪಿಸೋಕೆ ಒಂದೇ ದಾರಿ, ಲಿಮಿಟ್ ಬರೋಕೆ ಮುಂಚೆನೇ ಸಭೆ ಮಾಡಿ ಏನೇನು ಬೇಕು ಅಂತ ಅನುಕ್ರಮ ಹಾಕಿ ಠರಾವು ಮಾಡಿ ಕೊಟೇಶನ್ ಇಟ್ಕೊಂಡಿರೋದು. ಸೆಂಟರ್ ಮಟ್ಟದ ಈ ಸಮಿತಿಗೆ ಜನ ಆರೋಗ್ಯ ಸಮಿತಿ ಅಂತಾರೆ, ಮಾರ್ಗಸೂಚಿ ಪ್ರಕಾರ ಅಧ್ಯಕ್ಷರು ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸಹ ಅಧ್ಯಕ್ಷರು ಪಿಎಚ್‌ಸಿ ವೈದ್ಯಾಧಿಕಾರಿ, ಸದಸ್ಯ ಕಾರ್ಯದರ್ಶಿ ಸಿಎಚ್‌ಒ. ನಿಮ್ಮ ಪಂಚಾಯಿತಿ ಅಧ್ಯಕ್ಷರಿಗೆ ಇದು ಗೊತ್ತೇ ಇಲ್ಲದೆ ಇರಬಹುದು, ನೀವೇ ಹೇಳಿ.

ಪರದೆ ಬಗ್ಗೆ ಒಂದು ಮಾತು. ಕೊಟೇಶನ್ ಕೇಳಿದ್ರೆ ಎಲ್ಲರೂ ಆ ಮೂರು ಮಡಿಕೆಯ ಸ್ಟ್ಯಾಂಡ್ ಪರದೆ ತೋರಿಸ್ತಾರೆ. ಸಣ್ಣ ಕೋಣೆಯಲ್ಲಿ ಅದು ಕಾಲಿಗೆ ಅಡ್ಡ ಬರುತ್ತೆ, ಚಕ್ರ ಬೇಗ ಮುರಿಯುತ್ತೆ, ಕೊನೆಗೆ ಮೂಲೆಗೆ ನಿಲ್ಲಿಸ್ತಾರೆ. ಗೋಡೆಯಿಂದ ಗೋಡೆಗೆ ಒಂದು ರಾಡ್ ಹೊಡೆಸಿ, ಬಳೆ ಹಾಕಿ, ನೆಲದಿಂದ ಗೇಣು ಮೇಲೆ ಬರೋ ಹಾಗೆ ದಪ್ಪ ಬಟ್ಟೆ ಹೊಲಿಸಿ, ಒಗೆಯೋಕೆ ಅಂತ ಎರಡು ಜೊತೆ. ಟೇಬಲ್ ತಲೆ ಭಾಗ ಬಾಗಿಲ ಕಡೆಗೆ ಇರಲಿ, ಕಾಲು ಗೋಡೆ ಕಡೆಗೆ. ಕಿಟಕಿಯ ಕೆಳ ಅರ್ಧಕ್ಕೂ ಬಟ್ಟೆ ಬೇಕು. ಹೊಲಿಯೋ ಕೆಲಸ ನಿಮ್ಮ ತಾಂಡಾದ ಸ್ವಸಹಾಯ ಸಂಘಕ್ಕೇ ಕೊಡಿ, ಸಂಘಕ್ಕೆ ಬ್ಯಾಂಕ್ ಖಾತೆ ಇರೋದ್ರಿಂದ ಪಾವತಿ ಸುಲಭ, ಸೆಂಟರ್ ನಮ್ಮದು ಅಂತ ಹೆಣ್ಮಕ್ಕಳಿಗೂ ಅನಿಸುತ್ತೆ.

ಬಿಪಿ ಶುಗರ್ ಮಾತ್ರೆಗೆ ಈ ಫಂಡ್ ಮುಟ್ಟಬೇಡಿ. ಮಾತ್ರೆ ಇಂಡೆಂಟ್ (ಬೇಡಿಕೆ ಪಟ್ಟಿ) ಮೇಲೆ ಪಿಎಚ್‌ಸಿಯಿಂದ ಬರಬೇಕು, ಅದು ಬೇರೆ ದುಡ್ಡು. ಆರೋಗ್ಯ ಮಂದಿರ ಆಗಿರೋ ಸಬ್‌ಸೆಂಟರ್‌ನಲ್ಲಿ 105 ಬಗೆ ಔಷಧಿ 14 ಬಗೆ ಪರೀಕ್ಷೆ ಸಿಗಬೇಕು ಅಂತ ಇದೆ, ಪಿಎಚ್‌ಸಿಯಲ್ಲಿ 172 ಮತ್ತು 63. ಎಲ್ಲ ಯಾವಾಗಲೂ ಇರುತ್ತೆ ಅಂತ ನಾನು ಹೇಳಲ್ಲ, ಆದ್ರೆ ಯಾವುದು ಇಲ್ಲ ಅಂತ ಬರೆದು ಕೇಳೋ ಹಕ್ಕು ಸಮಿತಿಗಿದೆ. ಗುಳೆ ಹೋಗೋರಲ್ಲಿ ಬಿಪಿ ಶುಗರ್ ಇರೋರ ಪಟ್ಟಿ ಹೊರಡೋ ಮುಂಚೆ ಆಶಾ ಕಡೆಯಿಂದ ಮಾಡಿಸಿ ವೈದ್ಯಾಧಿಕಾರಿಗೆ ಕೊಡಿ, ಹೆಚ್ಚು ದಿನದ ಮಾತ್ರೆ ಕೊಡೋದು ಅವರ ಕೈಯಲ್ಲಿರುತ್ತೆ, ಮುಂಚೆ ಹೇಳಿದ್ರೆ ಇಂಡೆಂಟ್‌ನಲ್ಲೇ ಸೇರಿಸ್ತಾರೆ. ಹೊರಟ ದಿನ ಬಂದು ಕೇಳಿದ್ರೆ ಸ್ಟಾಕ್ ಇರಲ್ಲ.

ಹಾಡಿ ಕಡೆಯವ:

ಎಲ್ಲ ಓದಿದೆ. ಲೆಕ್ಕದ ಸರ್ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ, ಕಟ್ಟಡಕ್ಕೆ ಅಷ್ಟು ಒತ್ತು ಕೊಟ್ಟಿದ್ದು. ನಾನು ಮೈಸೂರು ಚಾಮರಾಜನಗರ ಕಡೆ ಆದಿವಾಸಿಗಳ ಹಾಡಿ ಪೋಡುಗಳಲ್ಲಿ ಆರೋಗ್ಯ ಕೆಲಸ ಮಾಡ್ಕೊಂಡು ಬಂದವನು. ಚೆನ್ನಾಗಿ ಕಟ್ಟಿ ಬಣ್ಣ ಹೊಡೆದು ಬೀಗ ಹಾಕಿರೋ ಸಬ್‌ಸೆಂಟರ್‌ಗಳನ್ನ ಕಣ್ಣಾರೆ ನೋಡಿದೀನಿ, ಕ್ವಾರ್ಟರ್ಸ್ ಇದೆ ಉಳ್ಕೊಳ್ಳೋರಿಲ್ಲ. ಅನುದಾನ ಬರೋದು ಗೋಡೆಗೆ ಸುಲಭ, ಮನುಷ್ಯರಿಗೆ ಕಷ್ಟ. ಹುದ್ದೆ ಖಾಲಿ ಇದ್ರೆ 50,000 ಏನು 5 ಲಕ್ಷ ಬಂದ್ರೂ ಖರ್ಚು ಮಾಡೋಕೆ ಸಹಿ ಹಾಕೋರೇ ಇರಲ್ಲ.

ಯಳಂದೂರು ತಾಲೂಕಿನ ಗುಂಬಳ್ಳಿ ಪಿಎಚ್‌ಸಿ ಗೊತ್ತಿರಬಹುದು, 1996ರಲ್ಲಿ ಅದನ್ನ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ನಡೆಸೋಕೆ ಕೊಟ್ಟರು. ಕಟ್ಟಡ ಸರ್ಕಾರದ್ದು, ಖರ್ಚಿನ ಬಹುಪಾಲೂ ಸರ್ಕಾರದ್ದೇ. ಬದಲಾಗಿದ್ದು ಯಾರು ನಡೆಸ್ತಾರೆ, ದಿನಾ ಬಾಗಿಲು ತೆಗೀತಾರಾ ಅನ್ನೋದು. ಎಲ್ಲ ಕಡೆ ಸಂಸ್ಥೆಗೆ ಕೊಟ್ಟುಬಿಡಿ ಅಂತ ನಾನು ಹೇಳ್ತಿಲ್ಲ, ಅದಕ್ಕೂ ಅದರದೇ ತೊಂದರೆ ಇದೆ, ಸರ್ಕಾರದ ಜವಾಬ್ದಾರಿ ಸರ್ಕಾರವೇ ಹೊರಬೇಕು. ಹೇಳೋದು ಇಷ್ಟೇ, ಅದೇ ದುಡ್ಡು ಅದೇ ಗೋಡೆ ಇದ್ದೂ ವ್ಯತ್ಯಾಸ ಆಗಬಹುದು.

ಮೇಡಂ ನೀವು ಕಟ್ಟಡದ ಜೊತೆಗೆ, ನನ್ನ ಪ್ರಕಾರ ಅದಕ್ಕಿಂತ ಮುಂಚೆ, ಎರಡು ಕೇಳಿ. ಒಂದು, ತಾಂಡಾಕ್ಕೇ ಬಂದು ನೋಡೋ ನಿಗದಿ ದಿನ. ತಿಂಗಳಿಗೊಂದು ಗ್ರಾಮ ಆರೋಗ್ಯ ನೈರ್ಮಲ್ಯ ಪೌಷ್ಟಿಕ ದಿನ ಅಂತ ಹೇಗೂ ಮಾಡಲೇಬೇಕು, ಅದು ಮೂಲ ಊರಿನ ಅಂಗನವಾಡಿಯಲ್ಲಿ ಮುಗಿದುಹೋಗ್ತಿದೆಯಾ ನಿಮ್ಮ ತಾಂಡಾದಲ್ಲೂ ಆಗ್ತಿದೆಯಾ ನೋಡಿ. ತಾಂಡಾ ಅಭಿವೃದ್ಧಿ ನಿಗಮದಿಂದ ಕಟ್ಟಿದ ಸಮುದಾಯ ಭವನ ಇದ್ರೆ ಅಲ್ಲೇ ಒಂದು ಕೋಣೆ ಸಾಕು, ಪರದೆ ಕಟ್ಟಿ ಬಸುರಿಯರ ತಪಾಸಣೆನೂ ಅಲ್ಲೇ ಮಾಡಬಹುದು, ಹಳ್ಳ ದಾಟೋ ಪ್ರಶ್ನೆನೇ ಇರಲ್ಲ. ಇನ್ನೊಂದು ಸಂಚಾರಿ ವೈದ್ಯಕೀಯ ಘಟಕ. 2023ರ ನವೆಂಬರ್‌ನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆಯಲ್ಲಿ ಜೇನುಕುರುಬ ಮತ್ತು ಕೊರಗ ಸಮುದಾಯದವರ ವಾಸಸ್ಥಳಗಳಿಗೆ ಸಂಚಾರಿ ಘಟಕದ ಸವಲತ್ತು ಇದೆ, ಅದು ನಿಮಗೆ ಬರಲ್ಲ. ಆದ್ರೆ ಎನ್‌ಎಚ್‌ಎಂ, ಅಂದ್ರೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ, ಸಾಮಾನ್ಯ ಸಂಚಾರಿ ಘಟಕದ ಬಾಬತ್ತು ಮೊದಲಿಂದಲೂ ಇದೆ, ನಿಮ್ಮ ಜಿಲ್ಲೆಯಲ್ಲಿ ಗಾಡಿ ಓಡ್ತಿದ್ರೆ ಅದರ ರೂಟ್‌ನಲ್ಲಿ ನಿಮ್ಮ ಮೂರು ತಾಂಡಾ ಸೇರಿಸಿ ಅಂತ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಅವರಿಗೆ ಗ್ರಾಮಸಭೆ ಠರಾವು ಸಮೇತ ಕೊಡಿ. ಹೊಸ ಅನುದಾನ ಬೇಕಿಲ್ಲ, ಇರೋ ಗಾಡಿ ದಾರಿ ಬದಲಿಸಿದ್ರೆ ಸಾಕು.

ತಾಂಡಾ ಮೆಂಬರ್:

ಎಲ್ಲಾರಿಗೂ ಶರಣು. ಓದಿ ಕಣ್ಣು ತೆರದಂಗಾತು. ಆಶಾ ಅಕ್ಕ ಹೇಳಿದಂಗ ಇವತ್ತೇ ನಮ್ಮ ಆಶಾನ ಮನಿಗೆ ಹೋಗಿ ಸಭಿ ಪುಸ್ತಕ ನೋಡ್ದೆ. ಅಧ್ಯಕ್ಷರ ಹೆಸರು ಹಳೇ ಮೆಂಬರಿಂದೇ ಅದ. ಅಕಿಗೂ ಬ್ಯಾಸರ ಆಗಿತ್ತು, ಯಾರೂ ಬಂದು ಕೇಳಿಲ್ಲ ಅಂದ್ಲು, ಬ್ಯಾಂಕಿಗೆ ಜೊತಿಗೇ ಹೋಗೋಣ ಅಂದಾಳ. ಸಮುದಾಯ ಭವನ ಅದ್ರಿ, ಸದ್ಯಕ್ಕ ಅದ್ರಾಗ ಜ್ವಾಳದ ಚೀಲ ಇಟ್ಟಾರ, ಒಂದು ಖೋಲಿ ಖಾಲಿ ಮಾಡಸ್ತೀನಿ.

ಜಾಗದ ಬಗ್ಗೆ ಕೇಳೋದದ. ಹಳ್ಳದ ಈ ಕಡಿ ನಮ್ಮ ಕಾಕಾರೊಬ್ರು ಎರಡು ಗುಂಟಾ ಬಿಟ್ಟು ಕೊಡ್ತೀನಿ ಅಂದಾರ. ಇನ್ನೊಂದು ಕಡಿ ಗಾಯರಾಣ, ಅಂದ್ರ ದನ ಮೇಯೋ ಸರ್ಕಾರಿ ಜಾಗ, ಅದ. ಯಾವ್ದು ಸಲೀಸು? ಮತ್ತ ತಾಂಡಾ ಕಂದಾಯ ಗ್ರಾಮ ಆಗ್ಯದ, ಹಕ್ಕುಪತ್ರ ಬಂದಾವ, ಅದರಿಂದ ಏನಾರ ಉಪಯೋಗ ಅದ ಏನು?

ಲೆಕ್ಕದ ಗುಮಾಸ್ತ:

ಹಾಡಿ ಕಡೆಯವರ ಮಾತು ಒಪ್ತೀನಿ, ನಿಗದಿ ದಿನ ಮೊದಲು ಶುರು ಮಾಡಿಸಿ. ಆದ್ರೆ ಜಾಗದ ಕೆಲಸ ಪಕ್ಕದಲ್ಲೇ ನಡೀತಿರಲಿ, ಯಾಕಂದ್ರೆ ಅದಕ್ಕೆ ಹಿಡಿಯೋ ಸಮಯ ಜಾಸ್ತಿ. ಬಾಡಿಗೆ ಮನೆಯಲ್ಲಿ ಉಳ್ಕೊಳ್ಳೋಕೆ ಕೋಣೆನೇ ಇಲ್ಲದಾಗ ಸಿಸ್ಟರ್ ಇಲ್ಲೇ ಇರ್ರಿ ಅಂತ ಕೇಳೋದಾದ್ರೂ ಹೇಗೆ.

ಕಂದಾಯ ಗ್ರಾಮ ಆಗಿದ್ರೆ ನಿಮ್ಮದು ಅರ್ಧ ದಾರಿ ಮುಗೀತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ನಿವಾಸಿಗಳ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರಲ್ಲ, ಆ ಕಾರ್ಯಕ್ರಮದ ಸುದ್ದಿ ಮನೆ ಜಾಗದ ಬಗ್ಗೆನೇ ಇತ್ತು, ಸಾರ್ವಜನಿಕ ಉಪಯೋಗದ ಜಾಗದ ಬಗ್ಗೆ ಯಾರೂ ಮಾತಾಡಲಿಲ್ಲ. ನಿಮ್ಮ ಗ್ರಾಮದ ನಕ್ಷೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಜಾಗ ಇದೆಯಾ ಅಂತ ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ಹತ್ತಿರ ನೋಡಿ. ಇನ್ನೊಂದು, ಹಿಂದೆ ನಿಮ್ಮ ಜನಸಂಖ್ಯೆ ಮೂಲ ಊರಿನ ಲೆಕ್ಕದಲ್ಲಿ ಕರಗಿ ಹೋಗ್ತಿತ್ತು. ಈಗ ಬೇರೆ ಗ್ರಾಮ ಅಂದ್ಮೇಲೆ ಆಶಾ ಸರ್ವೆಯಲ್ಲಿ ತಾಂಡಾದ ಮನೆಗಳನ್ನ ಬೇರೆಯಾಗಿ ತೋರಿಸಿ, ಗುಳೆ ಹೋದವರನ್ನೂ ಬಿಡದೆ ಸೇರಿಸಿ. ಜಿಲ್ಲಾ ಆರೋಗ್ಯ ಯೋಜನೆ ತಯಾರಾಗೋದು ಈ ಸಂಖ್ಯೆ ಮೇಲೆ, ಅದು ರಾಜ್ಯದ ಪಿಐಪಿಗೆ (ಯೋಜನೆ ಮತ್ತು ಬಜೆಟ್ ಪ್ರಸ್ತಾವ) ಹೋಗಿ ದೆಹಲಿಯಲ್ಲಿ ಒಪ್ಪಿಗೆ ಆಗಿ ಆರ್‌ಒಪಿ (ಮಂಜೂರಾತಿ ದಾಖಲೆ) ಅಂತ ವಾಪಸ್ ಬರುತ್ತೆ, ಎನ್‌ಎಚ್‌ಎಂ ದುಡ್ಡಲ್ಲಿ ಕೇಂದ್ರ 60 ರಾಜ್ಯ 40. ಆರ್‌ಒಪಿ ಎನ್‌ಎಚ್‌ಎಂ ವೆಬ್‌ಸೈಟ್‌ನಲ್ಲಿ ಹಾಕ್ತಾರೆ, ಓದೋ ಹುಡುಗರು ಯಾರಾದ್ರೂ ಇದ್ರೆ ತೆಗೆಸಿ ನೋಡಿ, ಯಾವ ಬಾಬತ್ತಿಗೆ ಎಷ್ಟು ಅಂತ ಎದುರಿಗೇ ಇರುತ್ತೆ. ಪರಿಶಿಷ್ಟ ಜಾತಿಯ ವಾಸಸ್ಥಳ ಆಗಿರೋದ್ರಿಂದ 2013ರ ಉಪಯೋಜನೆ ಕಾಯ್ದೆಯ ದುಡ್ಡಿನಲ್ಲಿ ರಸ್ತೆ ಅಥವಾ ಹಳ್ಳಕ್ಕೆ ಸೇತುವೆ ಕೇಳೋದೂ ಒಂದು ದಾರಿ, ಅದು ಆದ್ರೆ ಆಂಬ್ಯುಲೆನ್ಸ್ ಕೂಡ ತಾಂಡಾದ ಒಳಗೆ ಬರುತ್ತೆ.

ಗಾಯರಾಣ ಆದ್ರೆ ತಹಶೀಲ್ದಾರ್ ಮೂಲಕ ಜಿಲ್ಲಾಧಿಕಾರಿವರೆಗೂ ಕಡತ ಹೋಗಬೇಕು, ತಡ ಆಗುತ್ತೆ ಆದ್ರೆ ಮುಂದೆ ತಕರಾರು ಕಮ್ಮಿ. ದಾನದ ಜಾಗ ಬೇಗ ಆಗುತ್ತೆ, ಆದ್ರೆ ಕಾಕಾ ಅವರ ಅಣ್ಣತಮ್ಮಂದಿರು ಮಕ್ಕಳು ಎಲ್ಲರ ಒಪ್ಪಿಗೆ ಇರಬೇಕು, ಜಂಟಿ ಪಹಣಿ ಇದ್ರೆ ಮೊದಲು ಪೋಡಿ ಆಗಬೇಕು, ಅಂದ್ರೆ ಅಳತೆ ಮಾಡಿ ಪಾಲು ಬೇರೆ ಮಾಡಬೇಕು. ಬಾಯಿಮಾತಿಗೆ ಕೊಟ್ಟ ಜಾಗದಲ್ಲಿ ಅಡಿಪಾಯ ಹಾಕಿ ಮೊಮ್ಮಕ್ಕಳ ಕಾಲಕ್ಕೆ ಕೋರ್ಟಿಗೆ ಹೋದ ಕೇಸು ಎಲ್ಲಾ ಜಿಲ್ಲೆಯಲ್ಲೂ ಸಿಗ್ತವೆ. ಎರಡು ಗುಂಟೆ ಸಾಕಾಗುತ್ತಾ, ವಸತಿ ಕೋಣೆ ಕೂಡ ಹಿಡಿಸುತ್ತಾ ಅಂತ ಇಂಜಿನಿಯರ್ ಕರೆಸಿ ಅಳತೆ ಮಾಡಿಸಿ, ಮಳೆಗಾಲದಲ್ಲಿ ನೀರು ನಿಲ್ಲೋ ತಗ್ಗಾ ಅಂತನೂ ನೋಡಿಕೊಳ್ಳಿ.

ತಾಂಡಾ ಮೆಂಬರ್:

ತಿಳೀತ್ರಿ ಸರ್. ಜೋಡಿ ಪಹಣಿನೇ ಅದ, ಕಾಕಾರ ಇಬ್ರು ತಮ್ಮಂದ್ರು ಪುಣೆದಾಗ ಅದಾರ, ಹಬ್ಬಕ್ಕ ಬಂದಾಗ ಕೂಡಿಸಿ ಮಾತಾಡ್ತೀನಿ. ಅಲ್ಲಿ ತನಕ ಗಾಯರಾಣದ್ದೂ ಅರ್ಜಿ ಕೊಟ್ಟಿಡ್ತೀನಿ. ಗ್ರಾಮಸಭಿ ಮುಂದಿನ ವಾರ ಅದ. ಠರಾವು ಹೆಂಗ ಬರಸ್ಬೇಕು ಒಂದೆರಡು ಸಾಲು ಹಾಕಿ ಕೊಡ್ರಿ, ನಮ್ಮ ಕಡಿ ಬರೆಯೋರು ಏನೇನೋ ಬರ್ದು ಕೊನಿಗೆ ಅದರಾಗ ಏನೂ ಇರಂಗಿಲ್ಲ.

ಲೆಕ್ಕದ ಗುಮಾಸ್ತ:

ಹೀಗೆ ಬರೆಸಿ. "ಸದರಿ ಉಪಕೇಂದ್ರವು ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿದ್ದು ಗರ್ಭಿಣಿಯರ ತಪಾಸಣೆಗೆ ಮರೆಯ ವ್ಯವಸ್ಥೆ ಇರುವುದಿಲ್ಲ. ಪ್ರಸಕ್ತ ಸಾಲಿನ ಅನ್‌ಟೈಡ್ ನಿಧಿಯಿಂದ ಪರದೆ ಮತ್ತು ಕಿಟಕಿ ಬಟ್ಟೆ ಅಳವಡಿಸಲು ಜನ ಆರೋಗ್ಯ ಸಮಿತಿಯನ್ನು ಕೋರಲು, ಪ್ರತಿ ತಿಂಗಳು ನಿಗದಿತ ದಿನ ತಾಂಡಾದ ಸಮುದಾಯ ಭವನದಲ್ಲಿ ತಪಾಸಣೆ ನಡೆಸಲು ವೈದ್ಯಾಧಿಕಾರಿಯವರನ್ನು ಕೋರಲು, ಹಾಗೂ ಉಪಕೇಂದ್ರಕ್ಕೆ ಸ್ವಂತ ಕಟ್ಟಡಕ್ಕಾಗಿ ನಿವೇಶನ ಗುರುತಿಸಿ ಜಿಲ್ಲಾ ಪಟ್ಟಿಗೆ ಸೇರಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು." ದಿನಾಂಕ, ಸರ್ವೆ ನಂಬರ್, ಹಾಜರಿದ್ದವರ ಸಹಿ ಹೆಬ್ಬೆಟ್ಟು ಎಲ್ಲ ಇರಲಿ. ಗ್ರಾಮಸಭೆ ಮುಗಿದ ಮೇಲೆ ನಡಾವಳಿ ಪುಸ್ತಕದ ಆ ಪುಟದ ದೃಢೀಕೃತ ನಕಲು ಅಲ್ಲೇ ಕೇಳಿ ತಗೊಳ್ಳಿ, ಪಿಎಚ್‌ಸಿ, ಟಿಎಚ್‌ಒ (ತಾಲೂಕು ಆರೋಗ್ಯಾಧಿಕಾರಿ), ಡಿಎಚ್‌ಒ ಮೂರೂ ಕಡೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ದಾನಪತ್ರದ ಕಾಲ ಬಂದಾಗ ಒಂದು ನೆನಪಿಟ್ಕೊಳ್ಳಿ, ಅದು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಹೆಸರಿಗೇ ನೋಂದಣಿ ಆಗಬೇಕು, ಆಗಿನ ಡಾಕ್ಟರ್ ಹೆಸರಿಗೋ ಸಮಿತಿ ಹೆಸರಿಗೋ ಬೇಡ.